ನೂರಾ ಹದಿನೆಂಟನೆಯ ಕಲ್ಲು

ಗುದ್ದಲಿಯ ಎರಡನೆಯ ಪೆಟ್ಟು ಬೀಳುವಷ್ಟರಲ್ಲಿ ಆಸೀಫ್ ಸೀಟಿ ಊದಿದ. ಅಗೆಯುತ್ತಿದ್ದ ಇಬ್ಬರೂ ನಿಂತರು. ಸುಮಾರು ಮೂವತ್ತು ವರ್ಷ ಆ ಸೀಟಿ ಕೇಳಿ ಕೇಳಿ ಗುಂಡಲಹಾಳದವರ ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಯಾರು ಊದಿದರು ಎಂದು ನೋಡುವ ಮೊದಲೇ ಗುದ್ದಲಿ ಕೆಳಗಿಳಿಯುತ್ತಿತ್ತು.

ತಮಾಷೆಯೆಂದರೆ ಆ ಸೀಟಿ ತೀರಿಕೊಂಡ ದ್ಯಾವಪ್ಪನದು, ಅಗೆಯುತ್ತಿದ್ದ ಕುಣಿಯೂ ದ್ಯಾವಪ್ಪನದೇ. ನಾಲ್ಕು ವರ್ಷದ ಹಿಂದೆ ವಯಸ್ಸಾಯಿತೆಂದು ಕಲ್ಲುಸಾಲಿನ ಕಾವಲು ಕೆಲಸ ಬಿಡುವಾಗ ಅವನು ಹಿತ್ತಾಳೆಯ ಸೀಟಿಯನ್ನು ಆಸೀಫನ ಕೈಗಿಟ್ಟು, "ಊದೂ ಮುಂದ ಎದುರಿನವರ ಮಾರಿ ನೋಡಬ್ಯಾಡ. ನೋಡಿದಿ ಅಂದ್ರ ಊದಾಕ ಆಗಂಗಿಲ್ಲ" ಎಂದು ಹೇಳಿಕೊಟ್ಟಿದ್ದ. ಆಸೀಫ್ ಇವತ್ತು ಹಾಗೇ ಮಾಡಿದ. ಕಲ್ಲುಗಳ ಕಡೆ ಮುಖ ಮಾಡಿ ನಿಂತು ಊದಿದ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ ಬಂದರೆ ಗುಂಡಲಹಾಳ. ಊರಿನ ಮಗ್ಗುಲಿಗೇ ತಂತಿಬೇಲಿ. ಬೇಲಿಯೊಳಗೆ ಗುಂಡುಕಲ್ಲುಗಳು, ಕೆಲವು ಎಮ್ಮೆ ಮಲಗಿದಷ್ಟು, ಕೆಲವು ಕರು ಮಲಗಿದಷ್ಟು, ಸಾಲುಸಾಲಾಗಿ ಹಗ್ಗ ಹಿಡಿದು ಇಟ್ಟ ಹಾಗೆ ಇವೆ. ಮೂರು ಸಾವಿರ ವರ್ಷದ ಹಿಂದೆ ಯಾರೋ ಉರುಳಿಸಿ ತಂದದ್ದಂತೆ. ಮೋರೇರು ಎಂಬ ಹಳೆಯ ಕಾಲದ ಜನ ತಮ್ಮ ಎತ್ತು ಕಟ್ಟಲು ಇಟ್ಟರು ಎಂದು ಊರವರ ಮಾತು. ಬಂದುಹೋದ ಸಾಹೇಬರಲ್ಲಿ ಒಬ್ಬರು ಹೊತ್ತು ಲೆಕ್ಕ ಹಾಕಲು ಎಂದರು, ಇನ್ನೊಬ್ಬರು ಸತ್ತವರ ನೆನಪಿಗೆ ಎಂದರು. ಗೇಟಿನಲ್ಲಿರುವ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಅದರ ಗೊಡವೆಗೆ ಹೋಗದೆ, ಬೇಲಿಯಿಂದ ನೂರು ಮೀಟರಿನೊಳಗೆ ನೆಲ ಅಗೆಯುವಂತಿಲ್ಲ ಎಂದಷ್ಟೇ ಹೇಳುತ್ತದೆ.

"ಬೇಲಿ ಹೊರಗ ಅದ ಅಲ್ಲೋ ಆಸೀಫಣ್ಣ ಇದು," ಎಂದ ಬುದ್ಧಪ್ರಿಯ. ಅವನು ದ್ಯಾವಪ್ಪನ ಮಗ, ಯಾದಗಿರಿಯ ಕಾಲೇಜೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿದ್ದ. ಕಾಲಿನಲ್ಲಿ ಇನ್ನೂ ಆಫೀಸಿನ ಬೂಟು.

"ಹೊರಗ ಹನ್ನೆರಡು ಮೀಟರ ಅದರಿ. ನೂರು ಇರಬೇಕು. ನಿಮ್ಮಪ್ಪಾರ ಹೇಳಿಕೊಟ್ಟಾರ ನನಗ."

ಬೇವಿನ ಗಿಡದ ಕೆಳಗೆ ಕೂತಿದ್ದ ಪಂಪಣ್ಣ ಗಂಟಲು ಸರಿಮಾಡಿಕೊಂಡ. ಬೇಲಿಗೆ ಹತ್ತಿದ ಹೊಲ ಅವನದು. "ಇದ್ದಾಗ ನನ್ನ ಪಾಯಿಖಾನಿ ಕುಣಿ ಮುಚ್ಚಿಸಿದಾಂವ. ಮೂರಾಳು ತೆಗ್ಗು ತೋಡಿದ್ದೆ. ನನ್ನ ಸೊಸಿ ಇವತ್ತಿಗೂ ಚರಿಗಿ ಹಿಡಕೊಂಡು ಹೊಲಕ್ಕ ಹೊಕ್ಕಾಳ. ಈಗ ನೋಡ್ರಿ, ಅವನ ಕುಣಿನೇ ಮುಚ್ಚಸಾಕತ್ತಾರ." ಯಾರೂ ನಗಲಿಲ್ಲ. ಪಂಪಣ್ಣನೂ ನಗಿಸಲು ಹೇಳಿದ್ದಲ್ಲ. ಸಾವಿಗೆ ಬರಬೇಕು, ಬಂದಿದ್ದ. ಸಿಟ್ಟು ಮನೆಯಲ್ಲಿ ಬಿಟ್ಟು ಬರುವುದು ಆಗಿರಲಿಲ್ಲ.

ದ್ಯಾವಪ್ಪನನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ಬಿಳಿ ಪಟಗ, ಕೊರಳಿಗೆ ಚೆಂಡುಹೂವಿನ ಹಾರ. ಹಿಂದಿನ ಗೋಡೆ ಅರ್ಧ ಮಣ್ಣಿನದು, ಅರ್ಧ ತಗಡಿನದು. ಹನ್ನೆರಡು ವರ್ಷದ ಹಿಂದೆ ಮಳೆಗೆ ಬಿದ್ದ ಅರ್ಧವನ್ನು ಮತ್ತೆ ಕಟ್ಟಬೇಕೆಂದರೆ ಪಾಯ ತೋಡಬೇಕು, ಮನೆ ನೂರು ಮೀಟರಿನೊಳಗಿತ್ತು. ಊರಿಗೆಲ್ಲ ಸೀಟಿ ಊದುವವನು ತನ್ನ ಮನೆಗೆ ಗುದ್ದಲಿ ಹಾಕುವುದು ಹೇಗೆ ಎಂದು ತಗಡು ಬಡಿದಿದ್ದ.

ಮರಿಲಿಂಗಮ್ಮ ಗಂಡನ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಅಳು ಬರಲಿಲ್ಲ. ಬರಬೇಕಿತ್ತೆಂದು ಗೊತ್ತಿತ್ತು. ಬಂದವರು ಅಳುತ್ತಿದ್ದರು, ಹೋಗುತ್ತಿದ್ದರು. ಅವಳು ಅವನ ಅಂಗಿಯ ಮೇಲಿನ ಗುಂಡಿ ಹರಿದದ್ದನ್ನು ನೋಡುತ್ತಿದ್ದಳು. ಮೊನ್ನೆಯೇ ಹಚ್ಚಬೇಕೆಂದಿದ್ದಳು. ಅದನ್ನು ಬಿಟ್ಟರೆ ಒಳಗೆ ಏನೂ ಓಡುತ್ತಿರಲಿಲ್ಲ.

ಒಳಗಿನಿಂದ ಅವಳ ತಂಗಿ ರೇಣಮ್ಮ ಒಂದು ಚೀಲ ಹಿಡಿದು ಬಂದಳು. ಸತ್ತವರ ಜೊತೆ ಅವರು ದಿನಾ ಬಳಸಿದ್ದನ್ನು ಕುಣಿಗೆ ಇಡುವುದು ಈ ಕೇರಿಯ ರೂಢಿ. "ಅಡಕಿ ಚೀಲ ಹಾಕೀನಿ. ಟೊಪಗಿ ಹಾಕೀನಿ. ಈ ಪೇಂಟಿನ ಡಬ್ಬಿ ಹಾಕ್ಲೇನಕ್ಕ? ಕಲ್ಲಿನ ನಂಬರ ಬರಿಯೂದು."

"ಅದು ಬ್ಯಾಡ. ಅದು ಬೇಕು."

"ಯಾರಿಗಿ ಬೇಕು?"

ಮರಿಲಿಂಗಮ್ಮ ಕೈ ಚಾಚಿ ಡಬ್ಬಿ ಇಸಿದುಕೊಂಡು ಸೆರಗಿನಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ಬುದ್ಧಪ್ರಿಯ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಅವ್ವಾ, ಆಸೀಫ್ ಬಿಡವಲ್ಲ. ಕೇರಿಯವರಿಗೆಲ್ಲ ಕಾಲುವಿ ದಂಡಿ ಮ್ಯಾಲ ಜಾಗ ಅದ. ಅಲ್ಲಿ ಒಯ್ಯೂನು. ಯಾರೂ ಏನೂ ಅನ್ನಂಗಿಲ್ಲ."

"ನಾ ಹೇಳಿದ ಜಾಗದಾಗ ಆಗಬೇಕು."

"ಯಾಕ ಅಂತ ಹೇಳು."

ಅವಳು ಸೆರಗಿನ ಡಬ್ಬಿಯನ್ನು ಇನ್ನಷ್ಟು ಒಳಗೆ ತಳ್ಳಿಕೊಂಡಳು. ಬುದ್ಧಪ್ರಿಯ ಅಪ್ಪನ ಮುಖ ನೋಡಿದ. "ಇದ್ದಾಗಂತೂ ಕಲ್ಲು ಬಿಟ್ಟು ಈಚೆ ಬರಲಿಲ್ಲ. ದಿನಾ ಸಂಜಿ ಮನಿಗಿ ಬಂದ್ರ ಮೊದಲ ನಿನ್ನ ಮುಂದ ಹೇಳಾಂವ, ನೂರಾ ಹದಿನೆಂಟು ಆರಾಮದ ಅಂತ. ನಾ ಎಸೆಸೆಲ್ಸಿ ಪಾಸಾದ ದಿನಾನೂ ಮೊದಲ ಅದನ್ನ ಹೇಳಿದ. ಆಮ್ಯಾಲ ನನ್ನ ಕಡಿ ತಿರುಗಿದ. ಸತ್ತ ಮ್ಯಾಲರ ಆ ಕಲ್ಲು ಬಿಡಲಿ ಅವ್ವಾ."

ಮರಿಲಿಂಗಮ್ಮ ಮಗನ ಬೂಟಿನ ಮೇಲಿನ ಧೂಳು ನೋಡಿದಳು. ಪಾಪ ಅನಿಸಿತು. ಅವನು ಚಿಕ್ಕಂದಿನಿಂದ ಒಂದು ಕಲ್ಲಿನ ಮೇಲೆ ಹೊಟ್ಟೆಕಿಚ್ಚುಪಟ್ಟುಕೊಂಡು ಬೆಳೆದದ್ದು ಅವಳಿಗೆ ಗೊತ್ತಿತ್ತು.

*

ಬುದ್ಧಪ್ರಿಯ ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಅವಳಿಗೊಂದು ಹೆಣ್ಣುಕೂಸು ಆಗಿತ್ತು. ನಾಲ್ಕು ತಿಂಗಳು. ಜೋಳದ ರಾಶಿಯಾದ ಮೇಲೆ ಹೆಸರಿಡೋಣವೆಂದು ಮುಂದೆ ಹಾಕಿದ್ದರು. ವಾಂತಿಭೇದಿ ಹತ್ತಿದ ಎರಡನೆಯ ದಿನ ಶಹಾಪುರದ ದವಾಖಾನೆಗೆಂದು ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಕೂಸು ತಣ್ಣಗಾಯಿತು. ಗೊತ್ತಾದರೆ ಕಂಡಕ್ಟರು ಅಲ್ಲೇ ಇಳಿಸುತ್ತಾನೆ ಎಂದು ಮರಿಲಿಂಗಮ್ಮ ಮೊಲೆಗೆ ಹಚ್ಚಿಕೊಂಡು, ಮೇಲೆ ಸೆರಗು ಹೊದ್ದು, ಹಾಲು ಕುಡಿಸುವವಳ ಹಾಗೆ ಶಹಾಪುರದವರೆಗೆ ಕೂತಳು. ಇಳಿಯಲಿಲ್ಲ. ಅದೇ ಬಸ್ಸು ತಿರುಗಿದಾಗ ಅದರಲ್ಲೇ ವಾಪಸು ಬಂದಳು. ಎದುರಿನ ಸೀಟಿನ ಮುದುಕಿ, ಕೂಸು ಶಾಣೇದು, ಅಳೂದೇ ಇಲ್ಲ ಅಂದಿದ್ದಳು.

ಆಗ ಬೇಲಿ ಇರಲಿಲ್ಲ. ಕಲ್ಲುಸಾಲಿನ ಕೆಳಗಿನ ಮೂಲೆಯೇ ಕೇರಿಯವರು ಚಿಕ್ಕ ಕೂಸುಗಳನ್ನು ಮಣ್ಣು ಮಾಡುವ ಜಾಗ. ಅವಕ್ಕೆ ಹಲಗೆ ಬಡಿತವಿಲ್ಲ, ಚಟ್ಟವಿಲ್ಲ. ಅಪ್ಪ ಎತ್ತಿಕೊಂಡು ಹೋಗುತ್ತಾನೆ, ಜೊತೆಗೆ ಒಬ್ಬ. ಬೀಸುವ ಕಲ್ಲಿಗೆ ಹಲ್ಲು ಹೊಡೆಯುವ ದಸ್ತಗೀರಸಾಬ ತನ್ನ ಕಬ್ಬಿಣದ ಹಾರೆ ಹಿಡಿದು ದ್ಯಾವಪ್ಪನ ಜೊತೆ ಹೋದ. ಮುಚ್ಚಿದ ಮೇಲೆ ನಾಯಿನರಿ ಕೆದರದಂತೆ ಕಲ್ಲು ಹೇರಬೇಕು. ಸಾಲಿನಲ್ಲಿ ಒಂದು ಕಡೆ ಜಾಗ ಖಾಲಿ ಇತ್ತು. ಯಾವ ಕಾಲದಲ್ಲೋ ಯಾರೋ ಅಲ್ಲಿನ ಗುಂಡನ್ನು ಮನೆಯ ಪಾಯಕ್ಕೆ ಒಡೆದುಕೊಂಡು ಹೋಗಿದ್ದರು. ದ್ಯಾವಪ್ಪ ಕುಣಿ ತೋಡಿದ್ದು ಅಲ್ಲೇ.

"ಇಲ್ಲೇ ಯಾಕೋ?" ಎಂದು ದಸ್ತಗೀರಸಾಬ ಕೇಳಿದ್ದ.

"ಸಾಲು ಹಿಡಕೊಂಡು ಬಂದ್ರ ತಪ್ಪಂಗಿಲ್ಲ. ಬ್ಯಾರೆ ಕಡಿ ಇಟ್ರ ಎರಡು ಮಳಿಗಾಲಕ್ಕ ಜಾಗ ಮರತುಹೋಗ್ತದ."

ಇಳಿಜಾರಿನ ಬುಡದಲ್ಲಿ ಬಿದ್ದಿದ್ದ, ಕರು ಮಲಗಿದಷ್ಟು ದೊಡ್ಡ ಗುಂಡೊಂದನ್ನು ಇಬ್ಬರೂ ಹಾರೆ ಮೀಟಿ ಮೀಟಿ ಹೊತ್ತು ಇಳಿಯುವವರೆಗೆ ಉರುಳಿಸಿದರು. ಮರಿಲಿಂಗಮ್ಮ ದೂರದಲ್ಲಿ ನಿಂತು ನೋಡುತ್ತಿದ್ದಳು. ಕಲ್ಲು ಕೂತಾಗ ಸಾಲು ತುಂಬಿತು. ಹಲ್ಲು ಬಿದ್ದ ಬಾಯಿಗೆ ಹಲ್ಲು ಬಂದ ಹಾಗೆ ಕಂಡಿತು ಅವಳಿಗೆ.

*

ದಸ್ತಗೀರಸಾಬ ಮಧ್ಯಾಹ್ನದ ಹೊತ್ತಿಗೆ ಬಂದ. ಎಪ್ಪತ್ತು ದಾಟಿದೆ, ಕಲ್ಲಿನ ಪುಡಿಯಿಂದ ಎದೆ ಗೊರಗೊರ ಅನ್ನುತ್ತದೆ. ಗೆಳೆಯನ ಎದುರು ಸ್ವಲ್ಪ ಹೊತ್ತು ನಿಂತು, ಹಾರ ಸರಿಮಾಡಿ, ಮರಿಲಿಂಗಮ್ಮನ ಹತ್ತಿರ ಕೂತ.

"ಅಲ್ಲೇ ಇಡಬೇಕು ಅಂದಿಯಂತ."

"ಹೌದಣ್ಣ."

"ಬಿಡಂಗಿಲ್ಲ ಅವರು." ಅವನು ದನಿ ಇಳಿಸಿದ. "ಇದ್ದದ್ದು ಹೇಳಿದ್ರ ಬಿಟ್ಟಾರು. ಹೇಳ್ತಿಯೇನು?"

"ಗೊತ್ತಿಲ್ಲ."

"ನನ್ನ ಬಾಯಿಂದ ಬರಂಗಿಲ್ಲವ್ವಾ. ನಲವತ್ತು ವರ್ಷ ಬಂದಿಲ್ಲ."

*

ಜೀಪು ಬಂದದ್ದು ಕೂಸು ಹೋಗಿ ಹನ್ನೊಂದು ವರ್ಷಕ್ಕೆ. ಟೇಪು, ನಕ್ಷೆ, ದಪ್ಪ ಪುಸ್ತಕ. ಒಂದೊಂದು ಕಲ್ಲಿಗೂ ನಂಬರು ಬರೆಯಬೇಕಿತ್ತು. ಬಿಳಿ ಪೇಂಟಿನ ಡಬ್ಬಿ ಹಿಡಿಯಲು ಕೂಲಿಗೆ ದ್ಯಾವಪ್ಪನನ್ನು ಕರೆದಿದ್ದರು. ನೂರಾ ಹದಿನೇಳು ಬರೆದು ಮುಂದಿನ ಕಲ್ಲಿನ ಹತ್ತಿರ ಬಂದಾಗ ಸಾಹೇಬರು ನಿಂತುಬಿಟ್ಟರು. ಬಗ್ಗಿ ಬುಡದ ಮಣ್ಣು ಮುಟ್ಟಿದರು.

"ಇದು ಉಳಿದವುಗಳಷ್ಟು ಆಳ ಕೂತಿಲ್ಲವಲ್ಲ. ಈಚೆಗೆ ಯಾರಾದರೂ ಸರಿಸಿದ್ದಾರೇನಪ್ಪಾ?"

ಸರಿಸಿದ್ದಾರೆ ಎಂದರೆ ಕಲ್ಲನ್ನು ಸಾಲಿನಿಂದ ಹೊರಗೆ ಉರುಳಿಸುತ್ತಿದ್ದರು. ಬೇರೆ ಕಡೆ ಅಂಥ ಎರಡು ಕಲ್ಲುಗಳನ್ನು ಹಾಗೇ ಮಾಡಿದ್ದನ್ನು ಅವನು ಬೆಳಿಗ್ಗೆಯೇ ನೋಡಿದ್ದ. ಬುಡದಲ್ಲಿ ಅಗೆದೂ ನೋಡಿದ್ದರು.

"ಇಲ್ರಿ ಸಾಹೇಬ್ರ. ನಮ್ಮ ಮುತ್ಯಾನ ಕಾಲಕ್ಕೂ ಇಲ್ಲೇ ಇತ್ತಂತ್ರಿ."

ನಂಬರು ಬರೆದರು. ಡಬ್ಬಿ ಓರೆಯಾಗಿ ಪೇಂಟು ದ್ಯಾವಪ್ಪನ ಚಪ್ಪಲಿಯ ಮೇಲೆ ಚೆಲ್ಲಿತು. ಮನೆಗೆ ಬಂದವನು ಚಪ್ಪಲಿ ಬಿಡದೆ ಒಲೆಯ ಹತ್ತಿರ ಬಂದು ಕೂತ.

"ಸುಳ್ಳು ಹೇಳಿ ಬಂದೆ."

"ಏನಂತ?"

"ಅದು ಮೋರೇರ ಕಲ್ಲು ಅಂತ. ಇನ್ನ ಅದನ್ನ ಯಾರೂ ಮುಟ್ಟಂಗಿಲ್ಲ. ಸರಕಾರದ್ದಾತು."

ಆಮೇಲೆ ಒಲೆಯ ಬೂದಿ ಹರವಿ ಬೆರಳಿನಿಂದ ನಂಬರು ಬರೆದು ತೋರಿಸಿದ. ಮರಿಲಿಂಗಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಎರಡು ಕೋಲು, ಪಕ್ಕದಲ್ಲಿ ಗಡಿಗೆಯ ಮೇಲೆ ಗಡಿಗೆ ಎಂದು ನೆನಪಿಟ್ಟುಕೊಂಡಳು. ಹೆಸರಿಡದೆ ಹೋದ ಕೂಸಿಗೆ ಅವತ್ತಿನಿಂದ ಅದೇ ಹೆಸರಾಯಿತು.

ಕಲ್ಲುಗಳನ್ನು ಬಲ್ಲವನೆಂದು ತಿಂಗಳೊಳಗೆ ದ್ಯಾವಪ್ಪನನ್ನೇ ಕಾವಲಿಗೆ ಇಟ್ಟುಕೊಂಡರು. ಅಲ್ಲಿಂದ ಮುಂದೆ ಅವನು ಸುಳ್ಳಾಡಲಿಲ್ಲ, ಕಣ್ಣು ಮುಚ್ಚಲಿಲ್ಲ. ಪಾಯಿಖಾನೆ ನಿಲ್ಲಿಸಿದ, ಬೋರು ನಿಲ್ಲಿಸಿದ, ಯಾರದೋ ಮಗಳ ಮದುವೆಗೆ ಚಪ್ಪರದ ಗೂಟ ನೆಡಬಂದವರನ್ನು ನಿಲ್ಲಿಸಿದ. ಊರು ಬೈಯಿತು. ಕಲ್ಲಿಗೆ ಹುಟ್ಟಿದವನು ಎಂದಿತು. ಒಂದು ಸುಳ್ಳಿನ ಸಾಲಕ್ಕೆ ಮನುಷ್ಯ ಇಷ್ಟು ಬಡ್ಡಿ ಕಟ್ಟುತ್ತಾನೆಂದು ಊರಿಗೇನು ಗೊತ್ತು. ವರ್ಷಕ್ಕೊಮ್ಮೆ ನಂಬರಿಗೆ ಹೊಸ ಪೇಂಟು ಹಚ್ಚುವಾಗ ಉಳಿದ ಕಲ್ಲಿಗೆ ಒಂದು ಸಲ, ನೂರಾ ಹದಿನೆಂಟಕ್ಕೆ ಎರಡು ಸಲ ಹಚ್ಚುತ್ತಿದ್ದ. ಅದೊಂದೇ ಅವನು ಮಾಡಿದ ಪಕ್ಷಪಾತ.

*

ಆಸೀಫ್ ಫೋನು ಹಿಡಿದು ಅಂಗಳಕ್ಕೆ ಬಂದ. ಹೆಣದ ಎದುರು ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡ. "ಸಾಹೇಬ್ರಿಗಿ ಹಚ್ಚೀನ್ರಿ. ಕಲಬುರಗಿಯಿಂದ ಮಾತಾಡಾಕತ್ತಾರ. ನೀವೂ ಕೇಳ್ರಿ." ಸ್ಪೀಕರ್ ಒತ್ತಿದ.

ಫೋನಿನ ದನಿ ಮೆತ್ತಗಿತ್ತು. ದ್ಯಾವಪ್ಪನನ್ನು ಬಲ್ಲ ದನಿ. "ನನ್ನ ಕೈಲಿ ಇಲ್ಲಮ್ಮ ಇದು. ಆದರೆ ಬೇಲಿ ಹಾಕುವ ಮೊದಲೇ ನಿಮ್ಮ ಮನೆಯವರ ಸಮಾಧಿ ಯಾವುದಾದರೂ ಒಳಗೆ ಇತ್ತು ಅಂತಾದರೆ, ಮೇಲಿನವರಿಗೆ ಫೋನು ಮಾಡಿ ಒಪ್ಪಿಗೆ ಕೇಳಬಹುದು. ದ್ಯಾವಪ್ಪನಿಗೋಸ್ಕರ ಅಷ್ಟು ಮಾಡ್ತೀನಿ. ಇವತ್ತೇ ಹೊರಟು ಬಂದು ಜಾಗ ನೋಡ್ತೀನಿ. ಸ್ವಲ್ಪ ಅಗೆದು ಖಾತ್ರಿ ಮಾಡ್ಕೋಬೇಕು, ಅಷ್ಟೆ. ಇದ್ದಾರಾ ಯಾರಾದರೂ?"

"ಹೇಳವ್ವಾ," ಎಂದ ಬುದ್ಧಪ್ರಿಯ. ಅವನಿಗೂ ಈಗ ಆಸೆ ಹುಟ್ಟಿತ್ತು. "ಅಜ್ಜ, ಮುತ್ಯಾ, ಯಾರರ ಅಲ್ಲಿ ಅದಾರೇನು? ಇದ್ರ ಹೇಳು. ಅಪ್ಪನ್ನ ಅಲ್ಲೇ ಇಡಬಹುದು."

ದಸ್ತಗೀರಸಾಬ ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಮರಿಲಿಂಗಮ್ಮನಿಗೆ ಹೌದು ಅನ್ನುವುದು ಬಾಯಿತನಕ ಬಂತು. ಅಪ್ಪ ಮಗಳು ಒಂದೇ ಕಡೆ ಇರುತ್ತಾರೆ. ಬೆಳಿಗ್ಗೆಯಿಂದ ಅವಳು ಕೇಳಿದ್ದೂ ಅಷ್ಟೇ. ಆದರೆ ಸ್ವಲ್ಪ ಅಗೆದು ಎಂದಿತ್ತು ದನಿ. ಹಾರೆ ಹಾಕುತ್ತಾರೆ, ಕಲ್ಲು ಉರುಳಿಸುತ್ತಾರೆ, ಮಣ್ಣು ಜರಡಿ ಹಿಡಿಯುತ್ತಾರೆ. ನಾಲ್ಕು ತಿಂಗಳ ಕೂಸಿನದು ಏನು ಉಳಿದಿರುತ್ತದೆ. ಉಳಿದದ್ದನ್ನು ಕಾಗದದ ಮೇಲೆ ಇಟ್ಟು ಫೋಟೋ ತೆಗೆಯುತ್ತಾರೆ. ಕಲ್ಲು ಬರೀ ಕಲ್ಲಾಗುತ್ತದೆ. ಮತ್ತೆ ದ್ಯಾವಪ್ಪ ಸುಳ್ಳ ಎಂದು ಆ ದಪ್ಪ ಪುಸ್ತಕದಲ್ಲಿ ಬರೆಯುತ್ತಾರೆ. ಬಸ್ಸಿನಲ್ಲಿ ಹೊದ್ದ ಸೆರಗು ಹೆಗಲ ಮೇಲೆ ಇನ್ನೂ ಇದ್ದಂತೆ ಅವಳಿಗೆ ಅನಿಸಿತು.

"ಇಲ್ರಿ ಸಾಹೇಬ್ರ," ಎಂದಳು. "ಅಲ್ಲಿ ನಮ್ಮವರು ಯಾರೂ ಇಲ್ಲ."

ದಸ್ತಗೀರಸಾಬನ ಎದೆಯ ಗೊರಗೊರ ಎಲ್ಲರಿಗೂ ಕೇಳಿಸಿತು. ಮರಿಲಿಂಗಮ್ಮನಿಗೆ ಆಗಲೂ ಅಳು ಬರಲಿಲ್ಲ. ಹೆತ್ತ ಮಗಳನ್ನು ಇಲ್ಲ ಅಂದೆನಲ್ಲ ಎಂದು ಒಂದು ಸಲ ಅಂದುಕೊಂಡಳು, ಅದು ಬೇರೆ ಯಾರದೋ ಮಾತಿನ ಹಾಗೆ ಕೇಳಿಸಿತು.

"ಹಂಗಾದ್ರ ಕಾಲುವಿ ದಂಡಿಗಿ ಒಯ್ಯೂನು," ಎಂದ ಮಗ.

"ಬ್ಯಾಡ. ನೂರು ಮೀಟರ ಎಲ್ಲಿಗಿ ಮುಗಿತದ ಅಂತ ನಿಮ್ಮಪ್ಪ ಗೂಟ ಹೊಡದಾನ. ಗೂಟದ ಆಚೆಗಿ ಗಾಯರಾಣ ಅದ, ದನ ಮೇಯೂ ಜಾಗ, ಯಾರ ಹೊಲಾನೂ ಅಲ್ಲ. ಅಲ್ಲಿ ತಗೀರಿ. ನಾ ಜಾಗ ತೋರಸ್ತೀನಿ."

ಅವಳು ಬೇಲಿಯ ಹತ್ತಿರ ಹೋಗಿ ತಂತಿ ಹಿಡಿದು ನಿಂತಳು. ಸಾಲಿನ ಉದ್ದಕ್ಕೆ ಒಂದು ಸಲ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ, ನೂಲು ಹಿಡಿದವಳ ಹಾಗೆ ನೆಟ್ಟಗೆ ನಡೆದಳು. ಆಸೀಫ್ ಟೇಪು ಬಿಚ್ಚುತ್ತ ಹಿಂದೆ ಹೋದ. ಗೂಟ ದಾಟಿ ನಾಲ್ಕು ಹೆಜ್ಜೆ ಹಾಕಿ ನಿಂತು, "ಇಲ್ಲಿ" ಅಂದಳು. ಟೇಪು ನೂರಾ ಎರಡು ತೋರಿಸಿತು.

"ಸತ್ತ ಮ್ಯಾಲೂ ಅಳತಿ ಬಿಡಲಿಲ್ಲ ನೋಡು," ಎಂದ ಪಂಪಣ್ಣ. ಹಾಗೆಂದವನೇ ಪಟಗ ಬಿಗಿದುಕೊಂಡು, ದಣಿದಿದ್ದ ಹುಡುಗನೊಬ್ಬನ ಕೈಯಿಂದ ಗುದ್ದಲಿ ಇಸಿದುಕೊಂಡು ಅಗೆಯಲು ಇಳಿದ. ಗರಸು ನೆಲ, ಗುದ್ದಲಿ ಕಿಡಿ ಹಾರಿಸುತ್ತಿತ್ತು. ಈ ಸಲ ಯಾರೂ ಸೀಟಿ ಊದಲಿಲ್ಲ.

ಇಳಿಹೊತ್ತಿಗೆ ದ್ಯಾವಪ್ಪನನ್ನು ತಂದರು. ಹೆಣ್ಣುಮಕ್ಕಳು ಕುಣಿಯತನಕ ಬರುವುದು ಈ ಕೇರಿಯಲ್ಲಿ ಉಂಟು. ಬುದ್ಧಪ್ರಿಯ ಬೂಟು ಬಿಚ್ಚಿಟ್ಟು ಬುದ್ಧ ವಂದನೆ ಹೇಳಿದ. ಮೂರನೆಯ ಸಾಲಿಗೆ ದನಿ ಒಡೆಯಿತು, ರೇಣಮ್ಮ ಮುಂದುವರಿಸಿದಳು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು. ಪಂಪಣ್ಣನೂ ಹಾಕಿದ.

ಮೇಲೆ ಹೇರಲು ಕಲ್ಲು ಬೇಕಿತ್ತು. ಸುತ್ತ ಎಲ್ಲಿ ನೋಡಿದರೂ ಕಲ್ಲು, ಒಂದನ್ನೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ದಸ್ತಗೀರಸಾಬನ ಮನೆಯ ಕಡೆಯಿಂದ ಟ್ರ್ಯಾಕ್ಟರ್ ಬಂತು. ಟ್ರೇಲರಿನಲ್ಲಿ ಒಂದು ಗುಂಡು. ಅವನ ಬಾಗಿಲ ಮುಂದಿನದು. ದಿನಾ ಡ್ಯೂಟಿ ಮುಗಿಸಿ ದ್ಯಾವಪ್ಪ ಕೂತು ಚಹಾ ಕುಡಿಯುತ್ತಿದ್ದದ್ದು ಅದರ ಮೇಲೆಯೇ. ಕೂತು ಕೂತು ಮೇಲ್ಭಾಗ ನುಣುಪಾಗಿತ್ತು.

"ಇನ್ನ ಯಾರು ಕುಂದ್ರತಾರ ಅದರ ಮ್ಯಾಲ," ಎಂದ ದಸ್ತಗೀರಸಾಬ. ಹಾರೆಯನ್ನು ತಾನೇ ಹಿಡಿಯಬೇಕೆಂದು ಹಟ ಮಾಡಿದ. ನಾಲ್ಕು ಜನ ಮೀಟಿದರು. ಕಲ್ಲು ಕೂತಿತು. ಅವನು ದೂರ ಸರಿದು ಬೇಲಿಯ ಕಡೆ ನೋಡಿದ, ಕಲ್ಲಿನ ಕಡೆ ನೋಡಿದ, ಮತ್ತೆ ಮರಿಲಿಂಗಮ್ಮನನ್ನು ನೋಡಿದ. ಹಾರೆ ಹೆಗಲಿಗಿಟ್ಟುಕೊಂಡು ನಡೆದ.

ಜನ ಕೈಕಾಲು ತೊಳೆಯಲು ಹಳ್ಳಕ್ಕೆ ಇಳಿದರು. ಮರಿಲಿಂಗಮ್ಮ ಉಳಿದಳು. ಸೆರಗಿನಿಂದ ಡಬ್ಬಿ ತೆಗೆದು ಮುಚ್ಚಳ ಎಬ್ಬಿಸಿದಳು. ಪೇಂಟಿನ ಮೇಲೆ ಕೆನೆ ಕಟ್ಟಿತ್ತು, ಬೆರಳಿನಿಂದ ಒಡೆದಳು. ಕಲ್ಲಿನ ಹೊಟ್ಟೆಯ ಮೇಲೆ ಒಂದು ಕೋಲು ಎಳೆದಳು. ಪಕ್ಕದಲ್ಲಿ ಇನ್ನೊಂದು ಕೋಲು. ಒಂದು ಗಡಿಗೆ ಬರೆದು ಅದರ ಮೇಲೆ ಇನ್ನೊಂದು ಗಡಿಗೆ ಇಡುತ್ತಿದ್ದಾಗ ಬುದ್ಧಪ್ರಿಯ ಬರಿಗಾಲಲ್ಲಿ ಬಂದು ಹಿಂದೆ ನಿಂತ.

"ಏನ ಬರಿಯಾಕತ್ತಿ ಅವ್ವಾ?"

"ನನಗ ಬರಿಯಾಕ ಬರೂದು ಇದೊಂದೇ."

ಅವನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಅವನ ಕಣ್ಣು ಕಲ್ಲಿನಿಂದ ಗೂಟಕ್ಕೆ ಹೋಯಿತು, ಗೂಟದಿಂದ ತಂತಿಗೆ, ತಂತಿ ದಾಟಿ ಅದೇ ಗೆರೆಯಲ್ಲಿ ಕರುವಿನಷ್ಟು ದೊಡ್ಡ ಆ ಕಲ್ಲಿಗೆ ಹೋಗಿ ನಿಂತಿತು. ಅದರ ಮೇಲಿನ ನಂಬರು ಇಳಿಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಅಲ್ಲಿ ಯಾರದಾರ?" ಎಂದು ಕೇಳಿದ.

"ನಿಮ್ಮಕ್ಕ."

ಬಾಗಿಲಿಗೆ ಯಾರು ಬಂದರು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಬುದ್ಧಪ್ರಿಯ ಅಲ್ಲೇ ಮಣ್ಣಿನ ಮೇಲೆ ಕೂತ. ಕೆಳಗಿನ ಗಡಿಗೆಯಿಂದ ಪೇಂಟಿನ ಹನಿಯೊಂದು ಒಡೆದು ಇಳಿಯತೊಡಗಿತು. ಮರಿಲಿಂಗಮ್ಮ ಅದನ್ನು ಹೆಬ್ಬೆರಳಿನಿಂದ ತಡೆದು ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದಾಗ, ಇನ್ನೂ ಬಿಸಿಯಾಗಿದ್ದ ಕಲ್ಲಿನ ಮೇಲೆ, ನಂಬರಿನ ಕೆಳಗೆ, ಅವಳ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು.